ಲೈವ್ ಅಂದ್ರ

ಬಿಸಿಲಿಗೆ ತಂತಿ ಮಿಂಚುತ್ತಿತ್ತು, ಅದರ ಮೇಲೊಂದು ಹಕ್ಕಿ ಬಾಲ ಅಲ್ಲಾಡಿಸುತ್ತ ಕೂತಿತ್ತು, ಕಂಬ ಏರುತ್ತಲೇ ಬೀರಲಿಂಗಪ್ಪ ಅದನ್ನು ನೋಡಿದ, ಹಕ್ಕಿಗೇನೂ ಆಗುವುದಿಲ್ಲ, ಮನುಷ್ಯನಿಗೆ ಮಾತ್ರ — ಕೆಳಗೆ ತೊಗರಿ ಹೊಲ, ಆಚೆ ಜೇವರ್ಗಿ ರಸ್ತೆ, ಕಂಬದ ಬುಡದಲ್ಲಿ ಲೈನ್ ಇನ್ಸ್‌ಪೆಕ್ಟರ್ ಯಾಕೂಬಸಾಬರು, ಹತ್ತಲೇ ಬೀರಲಿಂಗ, ಸ್ಟೇಷನ್ನಿಗೆ ಫೋನ್ ಮಾಡೇನಿ, ಕರೆಂಟ್ ಬಂದ್ ಮಾಡ್ಯಾರ, ಲೈನ್ ಡೆಡ್ ಐತಿ. ಡೆಡ್. ಸತ್ತದ್ದು. ಕೆಲಸಕ್ಕೆ ಸೇರಿದ ದಿನ ಕೇಳಿದ್ದ, ಸಾಹೇಬ್ರ, ಬೋರ್ಡಿನ ಮ್ಯಾಲ ಲೈವ್ ಅಂತ ಬರದೈತಲ್ರಿ, ಹಂಗಂದ್ರ ಏನ್ರಿ, ಯಾಕೂಬಸಾಬರು ಬೀಡಿ ಆರಿಸಿ ಹೇಳಿದ್ದರು, ಜೀಂವ ಇದ್ದದ್ದು. ಜೀವ ಇದ್ದದ್ದು ಒಳ್ಳೆಯದಲ್ಲವೇ, ಜೀವ ಇರುವ ಬೀಜ ಮೊಳೆಯುತ್ತದೆ, ಏಳು ತಿಂಗಳ ಬಸುರಿ ಹೆಂಡತಿ ನಿಂಬೆವ್ವ ಮೊನ್ನೆ ಅವನ ಅಂಗೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡು, ಇಲ್ನೋಡ್ರಿ, ಹೊರಳಾಕತ್ತೈತಿ — ಆದರೆ ಕಂಬದ ಮೇಲೆ ಮಾತೇ ತಿರುವುಮುರುವು, ಲೈವ್ ಅಂದರೆ ಸಾವು, ಡೆಡ್ ಅಂದರೆ ಸಂಜೆ ಮನೆಗೆ ಹೋಗಿ ಉಣ್ಣುವುದು, ಯಾವ ಪುಣ್ಯಾತ್ಮ ಕಟ್ಟಿದನೋ ಈ ಮಾತನ್ನು. ಹಕ್ಕಿ ಹಾರಿತು. ಹೆಗಲ ಮೇಲಿನ ಅರ್ಥಿಂಗ್ ಕೋಲು, ತಂತಿಯ ಕರೆಂಟನ್ನು ನೆಲಕ್ಕಿಳಿಸುವುದು, ಭಾರ, ಬೆವರಿಗೆ ಜಾರುತ್ತಿದೆ, ಸತ್ತದ್ದು ಅಂತ ಸಾಹೇಬರೇ ಹೇಳಿದ ಮೇಲೆ ಇದ್ಯಾಕೆ, ಕೈಯಿಂದಲೇ ಹಿಡಿದರಾಯಿತು, ತಂತಿ ಒಂದು ಮೊಳ ದೂರ, ಕೈ ಚಾಚಿಯೂ ಇದ್ದ — ಯಾರು ಹೇಳಿದ್ರೂ ನಂಬಬ್ಯಾಡ, ನಾನೇ ಹೇಳಿದ್ರೂ ನಂಬಬ್ಯಾಡ, ಮೊದಲ ಕೋಲು ಹಚ್ಚು, ಅದೂ ಯಾಕೂಬಸಾಬರದೇ ಮಾತು, ಅದೇ ಮೊದಲ ದಿನದ್ದು. ಕೈ ಹಿಂದೆಗೆದ. ಕೋಲಿನ ಸರಪಳಿಯನ್ನು ಕೆಳಗೆ ನೆಲಕ್ಕೆ ಬಿಗಿದಾಗಿತ್ತು, ಕೊಕ್ಕೆಯನ್ನು ತಂತಿಯ ಹತ್ತಿರ ಒಯ್ದ, ಇನ್ನೂ ಮುಟ್ಟಿರಲಿಲ್ಲ, ಢಂ — ತಂತಿಯಿಂದ ನೀಲಿ ಹಾರಿತು, ಬೆರಳುದ್ದದ್ದು, ನಡುಮಧ್ಯಾಹ್ನದ ಸೂರ್ಯನನ್ನೇ ಮಂಕು ಮಾಡಿದ ನೀಲಿ.

ಸೊಂಟದ ಬೆಲ್ಟಿಗೆ ಜೋತುಬಿದ್ದಿದ್ದ, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ಮೂಗಿಗೆ ಸುಟ್ಟ ವಾಸನೆ, ಕೆಳಗೆ ಯಾಕೂಬಸಾಬರು ಕೂಗುತ್ತಿದ್ದಾರೆ, ಬ್ಯಾರೆ ಲೈನ್ ಬಂದ್ ಮಾಡ್ಯಾರಲೇ, ಯಾ ಅಲ್ಲಾ, ಬೀರಲಿಂಗ, ಜೀಂವಂತ ಅದಿಯೇನೋ — ಅಂಜಿಕೆ ಅಲ್ಲ ಇದು, ಅಂಜಿಕೆ ಅವನಿಗೆ ಗೊತ್ತು, ಇದು ದೇವರ ಮುಂದೆ ಕಣ್ಣು ಬಿಟ್ಟ ಹಾಗೆ, ಇಷ್ಟು ತೆಳ್ಳನೆಯ ತಂತಿಯೊಳಗೆ, ಬಣ್ಣವಿಲ್ಲದೆ, ಸೊಲ್ಲೆತ್ತದೆ, ಎಲ್ಲಿಂದಲೋ ಹೊರಟು ಜೇವರ್ಗಿಯ ಹಿಟ್ಟಿನ ಗಿರಣಿ ತಿರುಗಿಸಲು ಓಡುತ್ತಿದ್ದದ್ದು, ಅವನ ಪಕ್ಕದಲ್ಲೇ, ಅವನು ಸತ್ತದ್ದು ಅಂದುಕೊಂಡಿದ್ದದ್ದು. ಅದೀನ್ರಿ ಸಾಹೇಬ್ರ, ಅದೀನ್ರಿ, ಅಂದ, ಕೇಳಿಸಿತೋ ಏನೋ, ಕೆಳಗೆ ಅಷ್ಟೆತ್ತರದ ಮನುಷ್ಯ ತೊಗರಿ ಸಾಲಿನಲ್ಲಿ ಕುಸಿದು ಕೂತು ಎರಡೂ ಅಂಗೈ ಆಕಾಶಕ್ಕೆ ಒಡ್ಡಿದ್ದರು, ಇಳಿಯಬೇಕು, ಕಣ್ಣು ಮುಚ್ಚಿದರೆ ನೀಲಿ, ತೆರೆದರೆ ನೀಲಿ, ಬೆರಳುದ್ದದ್ದು, ನೀಲಿ —