ತಾಮ್ರದ ತಂಬಿಗೆಯ ಲಿಂಬೆನೀರು

ಬೆಳಗಾದರೆ ಸಾಕು, ಹಿತ್ತಲ ಕಡೆಯಿಂದ ಅತ್ತೆ ನಾಗಮ್ಮ ಕಕ್ಕುವ ಸದ್ದು. ಅದಕ್ಕಿಂತ ಹೆಚ್ಚಾಗಿ ಗಾಯತ್ರಿಗೆ ಹೇಸಿಗೆ ಹುಟ್ಟಿಸುತ್ತಿದ್ದುದು ಗಂಡ ಯೋಗೇಶ ಕೊಡುವ ಸಮಜಾಯಿಷಿ.

“ಒಳಗಿನ ಹೊಲಸೆಲ್ಲ ಹೊರಗೆ ಬರ್ತದೆ. ಬರ್ಲಿ ಬಿಡು.”

ಯೋಗೇಶ ಕದ್ರಾದ ವಿದ್ಯುತ್ ಕೇಂದ್ರದ ನೌಕರ. ಪಾಳಿ ಮುಗಿಸಿ ಅಂಕೋಲೆಯ ಮನೆಗೆ ಬಂದರೆ ಮೊಬೈಲೇ ಗುರು, ಮೊಬೈಲೇ ವೈದ್ಯ. ತಾಮ್ರದ ನೀರು ಅಮೃತವೆಂದು ಅದರಲ್ಲಿ ಯಾವನೋ ಗಡ್ಡದವನು ಹೇಳಿದ್ದೇ ತಡ, ಅಟ್ಟದಿಂದ ಹಳೆಯ ತಾಮ್ರದ ತಂಬಿಗೆ ಇಳಿಸಿದ. ತಾಮ್ರಕ್ಕೆ ಹುಳಿ ತಾಗದಿರಲೆಂದು ಒಳಗೆ ಹಿರಿಯರು ಹಾಕಿಸಿದ್ದ ತವರದ ಬಿಳಿ ಕಲಾಯಿಯನ್ನು ಕೊಳೆಯೆಂದು ಬಗೆದು ಮರಳು ಹಾಕಿ ಉಜ್ಜಿ ತೆಗೆದ. ಬರೀ ನೀರು ಸಾಲದೆಂದು ಲಿಂಬೆರಸ, ಉಪ್ಪು ಬೇರೆ. ರಾತ್ರಿ ತುಂಬಿಟ್ಟಿದ್ದನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ತಾಯಿಗೆ ಕುಡಿಸುವುದು.

ಗಾಯತ್ರಿ ಕಾರವಾರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಹುಳಿಗೆ ತಾಮ್ರ ಕರಗಿ ನೀರಿಗಿಳಿಯುತ್ತದೆ, ಇಳಿದದ್ದು ಒಂಟಿಯಾಗಿರದೆ ಸಿಕ್ಕಿದ್ದಕ್ಕೆ ಅಂಟಿಕೊಳ್ಳುತ್ತದೆ, ಹೊಟ್ಟೆಯ ಒಳಪೊರೆಯನ್ನೂ ಬಿಡುವುದಿಲ್ಲ ಎಂದು ಬಾಯಿ ನೋಯುವಷ್ಟು ಹೇಳಿದಳು. “ನಿನ್ ಪಾಠ ಕಾಲೇಜಲ್ಲೇ ಇಟ್ಕ” ಎಂದ ಯೋಗೇಶ. ಅತ್ತೆಯದು ಬೇರೆಯೇ ಮಾತು.

“ಇರ್ಲಿ ಬಿಡೆ. ನಂಗಂತ ಅವ ಕೈಯಾರೆ ಮಾಡ್ಕೊಡೂದು ಇದೊಂದೇಯ.”

ಒಂದು ಭಾನುವಾರ ಬೆಳಿಗ್ಗೆ ಗಾಯತ್ರಿ ಕಾಲೇಜಿನಿಂದ ತಂದ ಅಮೋನಿಯಾ ಬಾಟಲಿ ತೆಗೆದಳು. ತಂಬಿಗೆಯ ನೀರನ್ನು ಎರಡು ಗಾಜಿನ ಲೋಟಗಳಿಗೆ ಸುರಿದು, ಒಂದಕ್ಕೆ ಹನಿ ಹನಿಯಾಗಿ ಅಮೋನಿಯಾ ಬಿಟ್ಟಳು. ನೀರು ನೀಲಿಗಟ್ಟಿತು.

“ನೋಡಿ. ಕರಗಿದ ತಾಮ್ರವನ್ನ ಅಮೋನಿಯಾ ಸುತ್ತ ನಿಂತು ಹಿಡ್ಕೊಂಡ್ರೆ ಈ ಬಣ್ಣ ಬರ್ತದೆ. ದಿನಾ ಅತ್ತೆ ಹೊಟ್ಟಿಗೆ ಹೋಗ್ತಿರೂದು ಇದೇ ತಾಮ್ರ.”

“ಚಂದ ಉಂಟಲೇ!” ಯೋಗೇಶ ಫೋಟೊ ಹೊಡೆಯಲು ಮೊಬೈಲ್ ತೆಗೆದ.

ಗಾಯತ್ರಿಗೆ ಮೈಯೆಲ್ಲ ಉರಿಯಿತು. ಇಂಥವನ ಜೊತೆ ಒಂದೇ ಸೂರಿನಡಿ ಇರುವುದೇ ಅಸಹ್ಯವೆನಿಸಿತು. ಅಮೋನಿಯಾ ಹಾಕದ ಲೋಟವನ್ನು ಅವನ ಮೂಗಿನ ಹತ್ತಿರ ಹಿಡಿದಳು. “ಅಮೃತ ಅಲ್ವಾ? ನೀವೂ ಕುಡೀರಿ.”

ಅವನು ಮುಖ ಕಿವುಚಿ ಹಿಂದೆ ಸರಿದ. “ತೆಗಿಯೆ ಅತ್ಲಾಗೆ! ಮೊದ್ಲ ದಿನ ಒಂದ್ ಗುಟುಕಿಗೇ ವಾಂತಿ ಆಗಿತ್ತು. ಆಮೇಲೆ ನಾ ಮುಟ್ಲೇ ಇಲ್ಲ.”

ಬಾಗಿಲಲ್ಲಿ ನಾಗಮ್ಮ ನಿಂತಿದ್ದರು, ಎಂದಿನಂತೆ ತಮ್ಮ ಲೋಟಕ್ಕಾಗಿ ಕೈ ಚಾಚಿಕೊಂಡು. ಆ ಕೈ ಮೆಲ್ಲನೆ ಕೆಳಗಿಳಿಯಿತು. ಮಗನನ್ನು ಅಪರಿಚಿತನಂತೆ ನೋಡಿದರು.

“ಹಂಗಾರೆ ಅವತ್ತೇ ಗೊತ್ತಿತ್ತಾ ನಿಂಗೆ?”