ಒಂಬತ್ತನೆಯ ಪುಟ

ತಮ್ಮನನ್ನು ನೋಡಿಕೊಳ್ಳುವುದು ಹೇಗೆ ಎಂಬುದನ್ನು ಅಕ್ಕ ಒಂಬತ್ತು ಪುಟಗಳಲ್ಲಿ ಬರೆದಿಟ್ಟಿದ್ದಳು. ಬರೆಸಿದ್ದು ಅವಳ ಭಯ. ಅಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು. ಆಟಿಸಂ ಇದ್ದ, ಇಪ್ಪತ್ತಾರು ವರ್ಷದ ಆ ತಮ್ಮನ ಬಗ್ಗೆ ಅಮ್ಮನಿಗೆ ತಿಳಿದಿದ್ದುದರಲ್ಲಿ ಅರ್ಧ ಅಮ್ಮನ ಜೊತೆಗೇ ಹೋಗಿತ್ತು. ನಾಳೆ ತನಗೇ ಏನಾದರೂ ಆದರೆ ಉಳಿದರ್ಧವೂ ಮಣ್ಣುಪಾಲು.

ಅವಳು ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಲೆನ್ಸು ಉಜ್ಜುವವಳು. ಎರಡು ಡಿಗ್ರಿ ತಪ್ಪಿದರೂ ಗಿರಾಕಿ ತಲೆ ಹಿಡಿದುಕೊಂಡು ವಾಪಸು ಬರುತ್ತಾನೆಂಬುದು ಹನ್ನೊಂದು ವರ್ಷಗಳಿಂದ ಅವಳ ಕೈಗೆ ಗೊತ್ತು. ಪುಸ್ತಿಕೆಯನ್ನೂ ಅದೇ ಕೈಯಿಂದ ಬರೆದಳು, ಪುಟಕ್ಕೊಂದು ತಲೆಬರಹ. ಎರಡನೆಯದು, ‘ಶುರುಮಾಡಿಸುವುದು ಹೇಗೆ’: ಬೆರೆತುಹೋದ ಗುಂಡಿ, ಮೊಳೆ, ಮಣಿ ಏನನ್ನಾದರೂ ಮುಂದಿಟ್ಟು “ಅಂಗಡಿ ತೆರೆಯೋಣ” ಎಂದರೆ ಸಾಕು, ತಲೆ ಎತ್ತದೆ ವಿಂಗಡಿಸುತ್ತಾನೆ. ಐದನೆಯದು, ‘ಸಹಿಸಲಾಗದ ಸದ್ದುಗಳು’. ಕೊನೆಯದಾದ ಒಂಬತ್ತನೆಯದು, ‘ನಿಲ್ಲಿಸುವುದು ಹೇಗೆ’.

ಆ ಒಂದು ಪುಟಕ್ಕೆ ಮೂರು ದಿನ ಹಿಡಿಯಿತು. ತಮ್ಮನಿಗೆ ಶುರುಮಾಡುವುದು ಸಲೀಸು, ನಿಲ್ಲಿಸುವುದೇ ಕಷ್ಟ. ಒಮ್ಮೆ ಕೂತನೆಂದರೆ ಹಸಿವು, ಬಾಯಾರಿಕೆ, ಮೂತ್ರ ಯಾವುದೂ ಅವನನ್ನು ಎಬ್ಬಿಸದು. “ಸಾಕು ರಾಜಾ, ಅಂಗಡಿ ಮುಚ್ಚೋಣ” ಎಂದು ಅಮ್ಮನ ರಾಗದಲ್ಲೇ ಹೇಳಬೇಕು. ಹೇಳುತ್ತಲೇ ಪೆಟ್ಟಿಗೆಯ ಮುಚ್ಚಳ ಹಾಕಬೇಕು. ಆಗ ಏಳುತ್ತಾನೆ, ಹೋಗಿ ಕೈ ತೊಳೆಯುತ್ತಾನೆ. ‘ಇದನ್ನು ಎರಡು ಗಂಟೆಗೊಮ್ಮೆ ಮಾಡಲೇಬೇಕು’ ಎಂಬ ಸಾಲಿಗೆ ಸ್ಕೇಲಿಟ್ಟು ಅಡಿಗೆರೆ ಎಳೆದಿದ್ದಳು.

ಬರೆದದ್ದೇನೋ ಆಯಿತು, ಓದುವವರು ಯಾರು? ಹಾಗೆ ಹುಡುಕುತ್ತ ಅವಳಿಗೆ ಸಿಕ್ಕಿದ್ದು ಆಟಿಸಂ ಇರುವವರ ಮನೆಯವರಿಗೆಂದೇ ಇದ್ದ ಒಂದು ಆನ್‌ಲೈನ್ ಗುಂಪು. ನಾನೂರಕ್ಕೂ ಹೆಚ್ಚು ಜನ. ನಡೆಸುತ್ತಿದ್ದಾಕೆ ನಿವೃತ್ತ ನರ್ಸು, ಎಲ್ಲರ ಬಾಯಲ್ಲೂ ‘ಅಜ್ಜಿ’. ಊಟದ ಬಿಡುವಿನಲ್ಲಿ ಅಕ್ಕ ಅಂಜುತ್ತಂಜುತ್ತ ಬರೆದಳು: ನನ್ನ ತಮ್ಮನ ತಟ್ಟೆಯಲ್ಲಿ ಒಂದು ಪದಾರ್ಥ ಇನ್ನೊಂದಕ್ಕೆ ತಾಗಬಾರದು, ಬೇರೆ ಯಾರ ಮನೆಯಲ್ಲಾದರೂ ಹೀಗಿದೆಯೇ?

ಹತ್ತು ನಿಮಿಷದಲ್ಲಿ ಹದಿನಾಲ್ಕು ಉತ್ತರ. “ನಮ್ಮನೇಲಿ ತಟ್ಟೆನೇ ಇಲ್ಲ, ಐದು ಬಟ್ಟಲು. ಮಹಾರಾಜರಿಗೇನು, ತೊಳೆಯೋಳು ನಾನು.” “ನಿಮ್ಮ ತಮ್ಮ, ನನ್ನ ಮಗ ಆಸ್ಪತ್ರೇಲಿ ಅದಲುಬದಲಾಗಿರಬೇಕು ಕಣ್ರೀ.” ಯಂತ್ರದ ಪಕ್ಕ ಒಬ್ಬಳೇ ಕೂತು ಅಕ್ಕ ನಕ್ಕಳು. ಎಂಟು ತಿಂಗಳ ಮೇಲೆ ನಕ್ಕದ್ದು.

ಪುಸ್ತಿಕೆಯನ್ನೂ, ಅಮ್ಮನ ರಾಗ ತಿಳಿಯಲೆಂದು ತನ್ನ ಧ್ವನಿಮುದ್ರಿಕೆಯನ್ನೂ ಗುಂಪಿಗೆ ಹಾಕಿದಳು. “ಇದು ಚಿನ್ನ ಕಣಮ್ಮ,” ಎಂದು ಬರೆದರು ಅಜ್ಜಿ. “ಎಲ್ಲರೂ ಇದೇ ತಲೆಬರಹ ಇಟ್ಕೊಂಡು ನಿಮ್ಮ ನಿಮ್ಮ ಮಕ್ಕಳದ್ದು ಬರೀರಿ.” ತಿಂಗಳೊಪ್ಪತ್ತಿನಲ್ಲಿ ಅರವತ್ತಕ್ಕೂ ಹೆಚ್ಚು ಮನೆಗಳು ಬರೆದವು.

ಗುಂಪಿನಲ್ಲಿ ‘ಮೇಷ್ಟ್ರು’ ಎಂಬ ಹೆಸರಿನವನೊಬ್ಬನಿದ್ದ. ಸೌಮ್ಯ ಮಾತಿನವನು; ಅಜ್ಜಿಗೆ ವಯಸ್ಸಾಯಿತೆಂದು ಗುಂಪಿನ ಉಸ್ತುವಾರಿಯಲ್ಲಿ ಕೈಜೋಡಿಸಿದ್ದ. ಅವನು ಅಕ್ಕನಿಗೆ ಪ್ರತ್ಯೇಕವಾಗಿ ಬರೆದ. ದೊಡ್ಡವರಾದ ಮಕ್ಕಳಿಗಾಗಿ ಒಂದು ಕೇಂದ್ರ ನಡೆಸುತ್ತಿದ್ದಾನಂತೆ, ವ್ಯಾನು ಮನೆ ಬಾಗಿಲಿಗೇ ಬರುತ್ತದಂತೆ. ಒಂದೆರಡು ಪ್ರಶ್ನೆಗಳಿದ್ದವು ಅಷ್ಟೆ.

“ಒಂದೇ ಸಮನೆ ಎಷ್ಟು ಹೊತ್ತು ಕೂರ್ತಾನೆ?”

“ಬಿಟ್ಟರೆ ಆರೇಳು ಗಂಟೆ. ಆದರೆ ಬಿಡಬಾರದು ಸರ್.”

“ಮನೆಗೆ ಬಂದ್ಮೇಲೆ, ಹೊರಗಡೆ ಏನಾಯ್ತು ಅಂತ ಹೇಳ್ತಾನಾ?”

“ಇಲ್ಲ ಸರ್, ಆಗಿದ್ದನ್ನ ಹೇಳೋದು ಅವನಿಗೆ ಬರಲ್ಲ.”

“ಒಳ್ಳೇದು,” ಎಂದು ಉತ್ತರ ಬಂತು.

ಆ ಪದ ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ಹಲ್ಲಿಗೆ ತಾಗಿತು. ಉಗುಳಬೇಕಿತ್ತು, ಅಕ್ಕ ನುಂಗಿದಳು. ತಮ್ಮನನ್ನು ದಿನಕ್ಕೆ ಒಂಬತ್ತು ಗಂಟೆ ಮನೆಯೊಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದವಳು ಅವಳು. ಮುಳುಗುವವಳಿಗೆ ಹುಲ್ಲುಕಡ್ಡಿಯ ಜಾತಕ ಕೇಳುವ ವ್ಯವಧಾನವಿರಲಿಲ್ಲ.

ಮೊದಲ ಮೂರು ವಾರ ಎಲ್ಲವೂ ಸುಸೂತ್ರ. ಎಂಟು ನಲವತ್ತಕ್ಕೆ ತಮ್ಮ ಕಿಟಕಿಯ ಬಳಿ ನಿಂತಿರುತ್ತಿದ್ದ; ವ್ಯಾನು ಎಂಟು ನಲವತ್ತೆರಡಕ್ಕೆ ಬಂದರೆ “ತಡ, ಎರಡು ನಿಮಿಷ” ಎಂದು ಚಾಲಕನಿಗೆ ಛೀಮಾರಿ ಹಾಕಿ ಹತ್ತುತ್ತಿದ್ದ. ನಾಲ್ಕನೆಯ ವಾರ ಅಕ್ಕ ಅವನ ನೀರಿನ ಬಾಟಲಿ ತೊಳೆಯಲು ತೆಗೆದಳು. ತುಂಬಿಸಿದ್ದ ನೀರು ತುಂಬಿದ ಹಾಗೆಯೇ ಇತ್ತು. ಮರುದಿನವೂ ಹಾಗೆಯೇ. ಐದನೆಯ ವಾರ ಅವನ ಬೆರಳ ತುದಿಗಳು ಕಣ್ಣಿಗೆ ಬಿದ್ದವು: ಸಿಪ್ಪೆ ಎದ್ದು, ಒಳಗಿನ ಕೆಂಪು ಮಿನುಗುತ್ತಿತ್ತು. ಗಾಜಿನ ಪುಡಿಯಲ್ಲಿ ಸವೆದ ಬೆರಳು ಹೇಗಿರುತ್ತದೆಂದು ಅವಳಿಗೆ ಗೊತ್ತು. ಇದು ಸವೆದದ್ದಲ್ಲ, ಸುಟ್ಟದ್ದು. ಮೇಷ್ಟ್ರನ್ನು ಕೇಳಿದಳು. “ಸೋಪು ಹಾಕಿ ತುಂಬಾ ಉಜ್ಜಿಕೊಳ್ತಾನಲ್ವಾ, ನೀವೇ ಬರ್ದಿದೀರಿ,” ಎಂದ.

ಭಾನುವಾರ ಮನೆಯಲ್ಲಿ ಗುಂಡಿಗಳ ಪೆಟ್ಟಿಗೆ ಕೊಟ್ಟಳು. ಎರಡು ಗಂಟೆ ಕಳೆದ ಮೇಲೆ ಪಕ್ಕದಲ್ಲಿ ಕೂತು, “ಸಾಕು ರಾಜಾ, ಅಂಗಡಿ ಮುಚ್ಚೋಣ,” ಎಂದಳು. ತಮ್ಮ ಏಳಲಿಲ್ಲ. ಮುಚ್ಚಳ ಹಾಕಲಾಗದಂತೆ ಎರಡೂ ತೋಳುಗಳಿಂದ ಪೆಟ್ಟಿಗೆಯನ್ನು ಅಪ್ಪಿಕೊಂಡು, ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಯಾರೂ ಇರಲಿಲ್ಲ.

ಅಂದು ಸಂಜೆ ಅವಳು ಗುಂಪಿನಲ್ಲಿ ಕೇಳಿದಳು: ಮೇಷ್ಟ್ರ ಕೇಂದ್ರಕ್ಕೆ ಇನ್ನು ಯಾರ ಮನೆಯವರು ಹೋಗುತ್ತಿದ್ದಾರೆ? ಐದು ನಿಮಿಷ ಬಿಟ್ಟು ನೋಡಿದರೆ ಅವಳ ಪ್ರಶ್ನೆಯೇ ಅಲ್ಲಿರಲಿಲ್ಲ. ಮತ್ತೆ ಬರೆದಳು. ಮತ್ತೆ ಅಳಿಸಿಹೋಯಿತು.

ಸೋಮವಾರ ಅಂಗಡಿಯಲ್ಲಿ, ಫ್ರೇಮು ಕೂರಿಸುವ ಹಿರಿಯ ಕೆಲಸಗಾರ, ಎಲ್ಲರೂ ‘ಮಾಮ’ ಎನ್ನುವವರು, ಕೈಕೆಲಸ ನಿಲ್ಲಿಸಿ ಅವಳನ್ನೇ ನೋಡಿದರು.

“ಬೆಳಗ್ಗಿಂದ ಎರಡನೇ ಗಾಜು ಒಡೆದೆ. ಯಜಮಾನ್ರು ನೋಡಿದ್ರೆ ನಿನ್ನ ಕಣ್ಣಿಗೇ ಲೆನ್ಸು ಹೊಡೀತಾರೆ. ಏನಾಯ್ತು?”

ಹೇಳಿದಳು. ಮಾಮ ಪೂರ್ತಿ ಕೇಳಿಸಿಕೊಂಡು, “ಆ ಕೇಂದ್ರ ಇರೋದೆಲ್ಲಿ?” ಎಂದರು.

“ಗೊತ್ತಿಲ್ಲ ಮಾಮ.”

“ಗೊತ್ತಿಲ್ವಾ? ಬರೀ ಕನ್ನಡಕದ ಡಬ್ಬಿ ಕಳಿಸೋಕೂ ಎರಡು ಸಲ ವಿಳಾಸ ಕೇಳೋಳು ನೀನು.”

“ವ್ಯಾನು ಬಾಗಿಲಿಗೇ ಬರುತ್ತಲ್ಲ ಅಂತ…”

“ನಾಳೆ ನನ್ನ ಸ್ಕೂಟರಲ್ಲಿ ಹೋಗೋಣ. ಹಿಂದೆ ಕೂತು ಭುಜ ಹಿಂಡಬೇಡ, ಮೊದಲೇ ನೋವಿದೆ.”

ಮರುದಿನ ವ್ಯಾನಿನ ಬೆನ್ನು ಹತ್ತಿದರು. ಮೂರನೆಯ ಸಿಗ್ನಲಿನಲ್ಲಿ ಅದು ತಪ್ಪಿಹೋಯಿತು. ಗಲ್ಲಿಗಲ್ಲಿ ಸುತ್ತಿ, ಹನ್ನೊಂದೂವರೆಯ ಹೊತ್ತಿಗೆ ಕಂಡುಹಿಡಿದರು: ಮುಚ್ಚಿದ ಗ್ಯಾರೇಜಿನ ಮುಂದೆ ನಿಂತಿತ್ತು. ಪಕ್ಕದಲ್ಲಿ ಕಬ್ಬಿಣದ ಮೆಟ್ಟಿಲು. ಮೇಲಿನ ಅಂತಸ್ತಿನ ಕಿಟಕಿಗಳ ಗಾಜಿಗೆ ಒಳಗಿನಿಂದ ಬಿಳಿ ಬಣ್ಣ ಬಳಿದಿತ್ತು. ಬಾಗಿಲಿಗೆ ಚಿಲಕವಿರಲಿಲ್ಲ. ಒಳಗಿದ್ದವರು ತಾವಾಗಿ ಎದ್ದು ಹೊರಬರುವವರಲ್ಲವೆಂದು ಗೊತ್ತಿದ್ದವನಿಗೆ ಚಿಲಕವೇಕೆ?

ಉದ್ದನೆಯ ಮೇಜು, ಹನ್ನೊಂದು ಕುರ್ಚಿ, ಹನ್ನೊಂದು ತರುಣರು. ಒಬ್ಬರ ಬಾಯಿಂದಲೂ ಒಂದು ಮಾತಿಲ್ಲ. ತಗಡಿನ ಡಬ್ಬಿಗಳೊಳಗೆ ಏನೋ ಬೀಳುವ ಟಿಕ್ ಟಿಕ್ ಸದ್ದು ಮಾತ್ರ, ಗಡಿಯಾರದ ಅಂಗಡಿ ಹೊಕ್ಕಂತೆ. ಒಬ್ಬೊಬ್ಬನ ಮುಂದೂ ಒಂದು ಟ್ರೇ. ಟ್ರೇ ತುಂಬ ಹಳೆಯ ಆಟಿಕೆ, ಗಡಿಯಾರಗಳಿಂದ ಕಿತ್ತ ಗುಂಡಿಯಾಕಾರದ ಬ್ಯಾಟರಿಗಳು. ಎಷ್ಟೋ ಸೋರಿ, ಅಂಚಿನಲ್ಲಿ ಚರ್ಮ ಸುಡುವ ಬಿಳಿ ಪುಡಿ ಕಟ್ಟಿದ್ದವು. ಆ ಪುಡಿಯನ್ನು ಬರಿಗೈಯಲ್ಲಿ ಒರೆಸಿ, ಅಳತೆ ನೋಡಿ, ಡಬ್ಬಿಗೆ ಹಾಕುತ್ತಿದ್ದರು. ಮೂತ್ರದ ವಾಸನೆ ಮೂಗಿಗೆ ಹೊಡೆಯಿತು.

ಪ್ರತಿ ಕುರ್ಚಿಯ ಹಿಂದೆ ಗೋಡೆಗೆ ಒಂದು ಮೊಳೆ, ಮೊಳೆಗೆ ಒಂದು ಪುಸ್ತಿಕೆ. ಹನ್ನೊಂದಕ್ಕೂ ಅವಳದೇ ತಲೆಬರಹಗಳು. ತಮ್ಮನ ಪುಸ್ತಿಕೆಯಲ್ಲಿ ‘ತಲೆ ಎತ್ತದೆ ವಿಂಗಡಿಸುತ್ತಾನೆ’ ಎಂಬ ಸಾಲಿಗೆ ಯಾರೋ ಕೆಂಪು ಗೆರೆ ಎಳೆದಿದ್ದರು. ಪುಟ ತಿರುವಿದಳು. ಎಂಟನೆಯ ಪುಟದ ನಂತರ ರಟ್ಟು. ಒಂಬತ್ತನೆಯದನ್ನು ಅಚ್ಚುಕಟ್ಟಾಗಿ ಹರಿದು ತೆಗೆದಿತ್ತು. ಅಕ್ಕಪಕ್ಕದ ಪುಸ್ತಿಕೆಗಳಲ್ಲೂ ಹಾಗೆಯೇ.

“ಬನ್ನಿ ಅಕ್ಕಾ. ಹೇಳಿ ಬರಬಹುದಿತ್ತು,” ಎಂದಿತು ಒಂದು ಮೆಲುದನಿ. ಇಸ್ತ್ರಿ ಮಾಡಿದ ಅಂಗಿಯ, ತೆಳ್ಳನೆಯ ಮನುಷ್ಯ. ಮೇಷ್ಟ್ರು.

“ಕೊನೇ ಪುಟ ಎಲ್ಲಿ?”

“ಅದರ ಅಗತ್ಯ ಬೀಳ್ಲಿಲ್ಲ. ನೋಡಿ, ಯಾರಾದ್ರೂ ಅಳ್ತಿದಾರಾ? ನೀವು ಬೀಗ ಹಾಕ್ಕೊಂಡು ಹೋಗ್ತಿದ್ರಲ್ಲ, ಆಗ ಇಷ್ಟು ನೆಮ್ಮದಿಯಾಗಿದ್ನಾ?”

ಪ್ರಶ್ನೆಯಲ್ಲಿ ಅರ್ಧ ನಿಜವಿತ್ತು. ಅಕ್ಕ ತಮ್ಮನ ಪಕ್ಕ ಮಂಡಿಯೂರಿದಳು. “ಸಾಕು ರಾಜಾ, ಅಂಗಡಿ ಮುಚ್ಚೋಣ.”

ತಮ್ಮನ ಕೈ ಗಾಳಿಯಲ್ಲಿ ನಿಂತಿತು.

“ಅಂಗಡಿ ತೆರೆಯೋಣ,” ಎಂದ ಮೇಷ್ಟ್ರು ಹಿಂದಿನಿಂದ. ಅದೇ ರಾಗ, ಅಮ್ಮನದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಅಕ್ಕನ ಧ್ವನಿಮುದ್ರಿಕೆ ಕೇಳಿ ಅವನು ಚೆನ್ನಾಗಿ ಕಲಿತಿದ್ದ. ಕೈ ಮತ್ತೆ ಟ್ರೇಗೆ ಇಳಿಯಿತು.

ಅವಳು ಇನ್ನೊಮ್ಮೆ ಹೇಳಿದಳು. ಅವನೂ ಇನ್ನೊಮ್ಮೆ ಹೇಳಿದ. ತಮ್ಮ ಮುಷ್ಟಿಯಿಂದ ತೊಡೆಗೆ ಹೊಡೆದುಕೊಳ್ಳತೊಡಗಿದ. ಇಬ್ಬರ ನಡುವೆ ಅವನು ಸೀಳಿಹೋಗುತ್ತಿದ್ದುದು ಕಾಣುತ್ತಿತ್ತು.

ಆಗ ಮಾಮ ನಡುವೆ ಬಂದು ನಿಂತರು. “ಮೇಷ್ಟ್ರೇ, ಬಾಯಿ ನೀವೇ ಮುಚ್ಕೋತೀರೋ, ನಾನು ಬಂದು ಮುಚ್ಲೋ? ಎರಡಕ್ಕೂ ನಂಗೆ ಬಿಡುವಿದೆ.”

ಮೇಷ್ಟ್ರು ಅವರ ತೋಳನ್ನು ಅಳೆದು ನೋಡಿ ಸುಮ್ಮನಾದ. ಟ್ರೇಗೆ ಮುಚ್ಚಳವಿರಲಿಲ್ಲ. ಅಕ್ಕ ತನ್ನ ಹೆಲ್ಮೆಟ್ಟನ್ನು ಬ್ಯಾಟರಿಗಳ ಮೇಲೆ ಬೋರಲು ಹಾಕಿ, ಅದೇ ರಾಗದಲ್ಲಿ ಮೂರನೆಯ ಸಲ ಹೇಳಿದಳು. ತಮ್ಮ ಎದ್ದ. ಪ್ಯಾಂಟು ತೊಡೆಯವರೆಗೆ ಒದ್ದೆಯಾಗಿತ್ತು. “ಕೈ ತೊಳ್ಕೋಬೇಕು,” ಎಂದ.

ಅವಳು ತಿರುಗಿ ನೋಡುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು, ಕೆಳಗೆ ವ್ಯಾನು ಹೊರಟ ಸದ್ದು. ಉಳಿದ ಹತ್ತು ಮಂದಿಗೆ ಅದಾವುದೂ ಕೇಳಿಸಿದಂತಿರಲಿಲ್ಲ. ಮಾಮ ಒಬ್ಬನ ತೋಳು ಹಿಡಿದು ಎಬ್ಬಿಸಲು ನೋಡಿದರು. ಅವನು ತನ್ನ ಮಣಿಕಟ್ಟನ್ನೇ ರಕ್ತ ಬರುವಂತೆ ಕಚ್ಚಿಕೊಂಡ. ಮಾಮ ಬೆಂಕಿ ಮುಟ್ಟಿದವರಂತೆ ಕೈ ಬಿಟ್ಟರು.

ಅಕ್ಕ ಅಜ್ಜಿಗೆ ಫೋನು ಮಾಡಿದಳು. ಅಜ್ಜಿ ಕೇಳಿಸಿಕೊಂಡು, “ಅವನನ್ನ ಗುಂಪಿಂದ ಕಿತ್ತುಹಾಕ್ತೀನಿ. ಪೊಲೀಸರಿಗೂ ನಾನೇ ಹೇಳ್ತೀನಿ. ನೀನು ಪುಸ್ತಿಕೆಗಳ ಮುಖಪುಟದ ಫೋಟೋ ಹಾಕು,” ಎಂದರು. ಅವಳು ಹತ್ತನ್ನೂ ಹಾಕಿ, ಕೆಳಗೆ ಬರೆದಳು: ಇವರನ್ನು ನಿಲ್ಲಿಸುವುದು ಹೇಗೆ, ದಯವಿಟ್ಟು ಈಗಲೇ ಹೇಳಿ.

ಎರಡು ನಿಮಿಷ ಪರದೆ ಅಲ್ಲಾಡಲಿಲ್ಲ. ಆಮೇಲೆ ಒಂದೊಂದು ಫೋಟೋದ ಕೆಳಗೆ ಉತ್ತರಗಳು ಬರತೊಡಗಿದವು. ‘ನೀಲಿ ಅಂಗಿಯವನು ನನ್ನ ಮಗ. ರೈಲು ನಿಂತಿತು, ಇಳಿ ಅನ್ನಿ.’ ‘ಮೂರು ಚಪ್ಪಾಳೆ, ಮಧ್ಯೆ ನಿಲ್ಲಿಸದೆ.’ ‘ಎಡಭುಜದ ಮೇಲೆ ಅಂಗೈ ಇಡಿ. ಏನೂ ಹೇಳಬೇಡಿ. ನಾನು ಹೊರಟಿದ್ದೀನಿ, ಹೊರಟಿದ್ದೀನಿ.’ ಅಕ್ಕ ಓದುತ್ತ ಓದುತ್ತ ಕುರ್ಚಿಯಿಂದ ಕುರ್ಚಿಗೆ ಹೋದಳು. ಒಬ್ಬೊಬ್ಬರಾಗಿ ಎದ್ದು, ಕಾಲು ಮರಗಟ್ಟಿ ತೂರಾಡುತ್ತ, ಗೋಡೆಗೆ ಒರಗಿ ನಿಂತರು. ಒಂಬತ್ತು ಮಂದಿ.

ಮೇಜಿನ ತುದಿಯ ಕುರ್ಚಿಯವನದು ಮಾತ್ರ ಬರಲಿಲ್ಲ. ಅವನ ಪುಸ್ತಿಕೆಯ ಫೋಟೋವನ್ನು ಇನ್ನೊಮ್ಮೆ ಹಾಕಿದಳು. ಅದರ ಕೆಳಗೆ ಒಂದು ಸಾಲು ಮೂಡಿತು: ಒಬ್ಬ ಸದಸ್ಯರು ಗುಂಪನ್ನು ತೊರೆದಿದ್ದಾರೆ.

ಅವನ ಪುಸ್ತಿಕೆಯನ್ನು ಮೊಳೆಯಿಂದ ತೆಗೆದಳು. ಅದರ ಒಂಬತ್ತನೆಯ ಪುಟವನ್ನು ಯಾರೂ ಹರಿದಿರಲಿಲ್ಲ. ‘ನಿಲ್ಲಿಸುವುದು ಹೇಗೆ’ ಎಂಬ ತಲೆಬರಹದ ಕೆಳಗೆ, ದುಂಡನೆಯ ಅಕ್ಷರಗಳಲ್ಲಿ: ‘ನಿಲ್ಲಿಸಬೇಕಾಗಿಲ್ಲ. ಸಂಜೆ ಮನೆಗೆ ಕಳಿಸಬೇಕಾಗಿಲ್ಲ.’

ಮೇಜಿನ ಕೆಳಗೆ ಒಂದು ಚಾಪೆ ಸುತ್ತಿಟ್ಟಿತ್ತು.

“ಏನು ಬರ್ದಿದಾರಮ್ಮ?” ಎಂದರು ಮಾಮ. ಅಕ್ಕ ಪುಟವನ್ನು ಅವರ ಕಡೆ ತಿರುಗಿಸಿ ಹಿಡಿದಳು. ಮಾಮ ಓದಿ, ಕನ್ನಡಕ ತೆಗೆದು, ಬಹಳ ಹೊತ್ತು ಒರೆಸಿದರು.

ಅವಳು ಅವನ ಪಕ್ಕ ಕೂತು ರೈಲಿನ ಮಾತು ಹೇಳಿದಳು, ಚಪ್ಪಾಳೆ ತಟ್ಟಿದಳು, ಎಡಭುಜದ ಮೇಲೆ ಅಂಗೈ ಇಟ್ಟಳು. ಅವನ ಕೈ ನಡೆಯುತ್ತಲೇ ಇತ್ತು. ಟ್ರೇಯಲ್ಲಿ ಇನ್ನು ಒಂದು ಹಿಡಿಯಷ್ಟು ಬ್ಯಾಟರಿ ಉಳಿದಿದ್ದವು. ಮುಗಿದರೆ ತಾನಾಗಿಯೇ ನಿಲ್ಲುತ್ತಾನೆ, ಇನ್ನೇನು, ಎಂದು ಅವಳು ಕಾದಳು. ಹತ್ತು ಉಳಿದವು, ಆಮೇಲೆ ನಾಲ್ಕು, ಆಮೇಲೆ ಒಂದು. ಅದನ್ನೂ ಒರೆಸಿ, ಅಳತೆ ನೋಡಿ, ತನ್ನ ಡಬ್ಬಿಗೆ ಹಾಕಿದ. ಬರಿದಾದ ಟ್ರೇಯನ್ನು ಕಂಡು ಅವನ ಉಸಿರು ಏರಿತು. ಗೋಡೆಗೆ ಒರಗಿದ್ದವರಾಗಲಿ, ತೆರೆದ ಬಾಗಿಲಾಗಲಿ ಅವನ ಕಣ್ಣಿಗೆ ಬೀಳಲಿಲ್ಲ. ಅವನು ಡಬ್ಬಿಗಳನ್ನು ಒಂದೊಂದಾಗಿ ಎತ್ತಿ, ಎಲ್ಲವನ್ನೂ ಮತ್ತೆ ಟ್ರೇಗೆ ಸುರಿದುಕೊಂಡು, ಎರಡೂ ಕೈಯಿಂದ ಚೆನ್ನಾಗಿ ಬೆರೆಸಿದ.