ಸುಸ್ತಾಗತ

ಬಣ್ಣದ ಡಬ್ಬಿ ಎತ್ತಿ ಎರಚಿಬಿಡಲಾ ಅನ್ನಿಸಿತು ಓಂಕಾರನಿಗೆ.

"ಏನಪ್ಪಾ ಇದು, ಸುಸ್ತಾಗತ?" ರತ್ನಪ್ರಭಾ ಕನ್ನಡಕ ಮೂಗಿನ ತುದಿಗಿಳಿಸಿ ಗೋಡೆ ನೋಡುತ್ತಿದ್ದರು. ಮೈಸೂರಿನವರು, ಕಾಶಿಯ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರು. ಚಿತ್ರ, ಸಂಗೀತ ತುಂಬಿ ಹಳೇ ಗಲ್ಲಿಗಳಿಗೆ ಜೀವ ಕೊಡ್ತೀವಿ ಅನ್ನುವ ಸಮಿತಿಯಲ್ಲಿದ್ದರು. "ವ ಒತ್ತು ಇರಬೇಕಾದಲ್ಲಿ ತ ಒತ್ತು! ಎಷ್ಟು ಓದಿದ್ದೀಯ?"

"ಎಂಟು. ಅದೂ ಹಿಂದಿಯಲ್ಲಿ. ಆಮೇಲೆ ಬೋರ್ಡು ಬರೆಯೋದೇ ನನ್ನ ಸ್ಕೂಲು."

ಅವನ ಕನ್ನಡ ಅಮ್ಮ ಪ್ರೇಮಾಳ ಬಾಯಿಂದ ಬಂದದ್ದು. ಅಕ್ಷರ, ಅಡುಗೆಮನೆಯ ಕ್ಯಾಲೆಂಡರಿನಿಂದ. ಹನ್ನೊಂದು ದಿನ ಕತ್ತು ನೋಯಿಸಿಕೊಂಡು ಶಿವಾಲ ಘಾಟಿನ ಬಳಿಯ ಈ ಗೋಡೆ ತುಂಬಿಸಿದ್ದ: ದೋಣಿಗೆ ಟಾರು ಬಳಿಯುವ ಮಲ್ಲಾಹ, ಸೀರೆ ಒಣಹಾಕುವ ಅಜ್ಜಿ, ಮೆಟ್ಟಿಲ ಮೇಲೆ ಆಕಳಿಸುವ ನಾಯಿ, ಎಲ್ಲಕ್ಕೂ ಮೇಲೆ ಕನ್ನಡ ಯಾತ್ರಿಕರಿಗೆಂದು ಆ ಒಂದು ಪದ. ಈಯಮ್ಮನಿಗೆ ಕಂಡದ್ದು ಒಂದು ಒತ್ತು!

ಆಚೆ ಅಗಲ ರಸ್ತೆ ಆದಮೇಲೆ ಈ ಗಲ್ಲಿಗೆ ಕಾಲಿಡುವವರೇ ಇರಲಿಲ್ಲ. ಗೋಡೆಯ ಕೆಳಗಿನ ಜಗಲಿಯಲ್ಲಿ ಪ್ರೇಮಾಳ ಕಾಫಿ ಅಂಗಡಿ ನೊಣ ಹೊಡೆಯುತ್ತಿತ್ತು. ಜನ ನಿಲ್ಲುವ ಗಲ್ಲಿಗೇ ವಾರಕ್ಕೊಂದು ಸಂಗೀತ ಕಚೇರಿ, ನಿಲ್ಲದಿದ್ದರೆ ಅದು ಪಕ್ಕದ ಗಲ್ಲಿಗೆ ಅಂದಿತ್ತು ಸಮಿತಿ. ಇವತ್ತು ಹನ್ನೊಂದು ಗಂಟೆಗೆ ಅವರು ನೋಡಲು ಬರುವವರಿದ್ದರು.

"ಅಷ್ಟರಲ್ಲಿ ಆ ಪದಕ್ಕೆ ಸುಣ್ಣ ಬಳಿ. ಮರ್ಯಾದೆ ಪ್ರಶ್ನೆ," ಅಂದರು ರತ್ನಪ್ರಭಾ.

"ಬಳಿಯೋ ಓಂಕಾರಾ, ಹಟ ಬೇಡ," ಅಂದಳು ಪ್ರೇಮಾ.

ಹಲ್ಲು ಕಚ್ಚಿ ಬ್ರಷ್ಷನ್ನು ಸುಣ್ಣಕ್ಕೆ ಅದ್ದಿದ. ಆಗಲೇ ಕೇದಾರ ಘಾಟಿನ ಮೆಟ್ಟಿಲು ಹತ್ತಿ ದಾರಿ ತಪ್ಪಿದ ಹಾವೇರಿ ಕಡೆಯ ಯಾತ್ರಿಕರ ದಂಡು ಗಲ್ಲಿಗೆ ನುಗ್ಗಿತು. ಮುಂದೆ ಏದುಸಿರು ಬಿಡುತ್ತಿದ್ದ ಮುದುಕ ಗೋಡೆ ಓದಿ ಗಕ್ಕನೆ ನಿಂತ.

"ಸುಸ್ತಾ...ಗತ! ಏ ಬರ್ರಿ ಇಲ್ಲೆ! ನಮ್ಮ ಸುಸ್ತು ಕಾಶಿ ಗ್ವಾಡಿಗೂ ತಿಳದೈತಿ!"

"ಅನ್ನದಾನಯ್ಯ, ನಿನಗಂತನ ಬರದಾರ. ಕುಂದ್ರು ಮೊದ್ಲ!" ಅಂದಳೊಬ್ಬಳು.

ನಗುತ್ತಾ ನಗುತ್ತಾ ನಲವತ್ತು ಜನ ಜಗಲಿ, ಮೆಟ್ಟಿಲು ಎಲ್ಲ ತುಂಬಿಕೊಂಡರು. ಪ್ರೇಮಾಳ ಕೈ ಎರಡಿದ್ದದ್ದು ನಾಲ್ಕಾಯಿತು. ಕಾಫಿ ಗಂಟಲಿಗಿಳಿದ ಮೇಲೆ ಹೆಂಗಸರು ಬೀಸುವ ಪದ ಎತ್ತಿಕೊಂಡರು. ಎದುರು ಮನೆಯ ಮಲ್ಲಾಹ ಟಾರಿನ ಡಬ್ಬ ಬಡಿದು ತಾಳ ಕೊಟ್ಟ. ಮುಚ್ಚಿದ್ದ ಕಿಟಕಿಗಳೂ ತೆರೆದವು.

ಸಮಿತಿಯವರು ಬಂದು ನೋಡಿದರೆ ಗಲ್ಲಿಯೊಳಗೆ ಬರಲು ಜಾಗವಿಲ್ಲ!

"ಅರೆ ಭಾಯಿ, ರಾಸ್ತಾ ದೀಜಿಯೆ!" ಅಧ್ಯಕ್ಷರು ಮೊಣಕೈಯಲ್ಲಿ ದಾರಿ ಮಾಡಿಕೊಂಡು ಬಂದು ಗೋಡೆ ತೋರಿಸಿದರು. "ಮೇಡಂ, ಯೆ ಕ್ಯಾ ಲಿಖಾ ಹೈ?"

ರತ್ನಪ್ರಭಾ ಓಂಕಾರನ ಕೈಯ ಬ್ರಷ್ಷು ನೋಡಿದರು. ಅದರಿಂದ ಸುಣ್ಣ ತೊಟ್ಟಿಕ್ಕುತ್ತಿತ್ತು, ಗೋಡೆಗೆ ತಾಗಿರಲಿಲ್ಲ.

"ದಣಿದವರೇ ಬನ್ನಿ ಅಂತ," ಹಿಂದಿಯಲ್ಲಿ ಅಂದರು. "ಹೊಸ ಪದ. ಈ ಕಲಾವಿದರದ್ದೇ."

"ಹಾಗಾದರೆ ಕಚೇರಿ ಇಲ್ಲೇ," ಅಂದರು ಅಧ್ಯಕ್ಷರು, ಕಾಫಿಗೆ ಕೈ ಚಾಚಿ.

ಓಂಕಾರ ಸುಣ್ಣದ ಡಬ್ಬಿಯನ್ನು ಕಾಲಲ್ಲಿ ಆಚೆ ತಳ್ಳಿ ಕೆಂಪು ಬಣ್ಣ ತೆಗೆದ. ಏಣಿ ಹತ್ತಿ ಗಲ್ಲಿಗೆಲ್ಲ ಕೇಳುವಂತೆ ಕೂಗಿದ:

"ಮೇಡಂ! ಕೂತ್ಕೊಳ್ಳಿ ಅನ್ನೋದಕ್ಕೆ ಳ ಎಷ್ಟು?"

"ಎರಡು ಕಣೋ!"

"ಇವತ್ತು ಮೂರು ಹಾಕ್ತೀನಿ!"